ಹಲ್ಲಿನ ಡಾಕ್ಟರ ಬೆಳಗಿನ ರೈಲು

ಕೋಲಾರದಲ್ಲಿ ಈಗ ಎಲ್ಲರ ಬಾಯಲ್ಲಿರುವ ಕಥೆ ಇದು. ಹಲ್ಲಿನ ಡಾಕ್ಟರಿಗೆ ದಿನಾ ಬೆಳಗ್ಗೆ ಆಟದ ರೈಲು ಓಡಿಸುವ ಅಭ್ಯಾಸ. ಒಂದು ದಿನ ಆ ರೈಲು ಮುಗ್ಗರಿಸಿತು. ತನ್ನ ಕೈ ನಡುಗುತ್ತಿದೆ ಅಂತ ಅವರಿಗೆ ಗೊತ್ತಾಯಿತು. ಅವತ್ತೇ ಕ್ಲಿನಿಕ್ಕಿಗೆ ಬೀಗ ಹಾಕಿದರು, ಒಬ್ಬೇ ಒಬ್ಬ ರೋಗಿಗೂ ಗಾಯವಾಗುವ ಮೊದಲೇ. ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ಮೂವರು ಇದನ್ನೇ ಹೇಳಿದರು. ಮೂರನೆಯವರು ಹೇಳುತ್ತಾ ಕಣ್ಣೊರೆಸಿಕೊಂಡರು. ಸಭೆಯೂ ಒರೆಸಿಕೊಂಡಿತು.

ನನ್ನ ತಕರಾರು ಎರಡು. ಒಂದು, ಒಬ್ಬ ರೋಗಿಗೆ ಗಾಯವಾಗಿತ್ತು. ಆತ ನನ್ನ ಸೋದರಮಾವ, ಈಗಲೂ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ನಡೆಸಿಕೊಂಡು ಚೆನ್ನಾಗಿದ್ದಾನೆ, ಬೇಕಾದವರು ಹೋಗಿ ನಾಲಿಗೆ ನೋಡಬಹುದು. ಎರಡು, ಅವತ್ತು ರೈಲು ಮುಗ್ಗರಿಸಲಿಲ್ಲ. ಬೆಣ್ಣೆಯ ಹಾಗೆ ಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ.

ಡಾಕ್ಟರು ಪ್ರಾಮಾಣಿಕರಲ್ಲ ಅಂತ ನಾನು ವಾದಿಸುತ್ತಿಲ್ಲ. ಆ ಮಾತಿಗೆ ಕೊಟ್ಟಿರುವ ಪುರಾವೆ ಸುಳ್ಳು ಅಂತ ಮಾತ್ರ ಹೇಳುತ್ತಿದ್ದೇನೆ. ಇವೆರಡಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಕಲಿಸಿದ್ದು ಅವರ ಹೆಂಡತಿ. ಪಿಯುಸಿಯಲ್ಲಿ ನಮಗೆ ಫಿಸಿಕ್ಸ್ ಹೇಳಿಕೊಟ್ಟವರು, ಕಾಲೇಜಿನ ಚರ್ಚಾಕೂಟವನ್ನೂ ನೋಡಿಕೊಳ್ಳುತ್ತಿದ್ದವರು. ಅವರನ್ನು ನಾನು ಇವತ್ತಿಗೂ ಮೇಡಂ ಅನ್ನುತ್ತೇನೆ. ಡಾಕ್ಟರನ್ನು ಸಾರ್.

ಸಾರ್ ನನಗೆ ಪರಿಚಯವಾಗಿದ್ದು ದವಡೆ ಹಲ್ಲಿನ ಮೂಲಕ. ಕೀಳಬೇಕು ಅಂದರು. ಯಾಕೆ ಕೀಳಬಾರದು ಅಂತ ನಾನು ನಾಲ್ಕು ಕಾರಣ ಕೊಟ್ಟೆ. ಐದನೆಯದು ಶುರುಮಾಡುವಷ್ಟರಲ್ಲಿ ಬಾಯಿಗೆ ಹತ್ತಿ ಇಟ್ಟರು.

“ಬಾಯಿ ತೆಗೆಸಿ ಮಾತು ನಿಲ್ಲಿಸೋನು ಈ ಊರಲ್ಲಿ ನಾನೊಬ್ನೇ ಕಣಮ್ಮ. ನಿಮ್ಮ ಮೇಡಂ ಕೈಲೂ ಆಗಲ್ಲ,” ಅಂದರು.

ಜನರನ್ನು ಹೆಸರಿನಿಂದ ಗುರುತಿಸುವುದು ಅವರಿಗೆ ಬರುತ್ತಿರಲಿಲ್ಲ. ಸಂತೆಯಲ್ಲಿ ಯಾರಾದರೂ ನಮಸ್ಕಾರ ಹೊಡೆದರೆ ಒಂದು ಗಳಿಗೆ ಸುಮ್ಮನೆ ನೋಡುವರು. ಆ ಮನುಷ್ಯ ನಕ್ಕ ತಕ್ಷಣ ಇವರ ಮುಖ ಅರಳುವುದು. “ಓಹೋ, ಕೆಳಗಡೆ ಎಡಗಡೆ, ಮೊಮ್ಮಗನ ನಾಮಕರಣದ ಹಿಂದಿನ ದಿನ ಬಂದಿದ್ರಿ!” ಬಾಗಿ ಕೆಲಸ ಮಾಡುವಾಗ ಹಾಕಿಕೊಳ್ಳುವ ದುರ್ಬೀನಿನಂಥ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮರೆತುಬಿಡುವರು, ಹಾಗೇ ಹೋಗಿ ಸೊಪ್ಪು ತರುವರು. ಮೈಯೆಲ್ಲ ಲವಂಗದ ಎಣ್ಣೆ ವಾಸನೆ. ಮುಳಬಾಗಿಲಿನಾಚೆ ಆಂಧ್ರದ ಗಡಿಗೆ ತಾಗಿದ ಹಳ್ಳಿಯವರು, ಮನೆಮಾತು ತೆಲುಗು. ರೋಗಿಯನ್ನು ಕನ್ನಡದಲ್ಲಿ ಸಮಾಧಾನ ಮಾಡುತ್ತಾ ಡ್ರಿಲ್ಲನ್ನು ತೆಲುಗಿನಲ್ಲಿ ಬೈಯುವರು. ನಮ್ಮ ಕಡೆ ಬೋರ್‌ವೆಲ್ ನೀರು ಕುಡಿದು ಕಂದುಗಟ್ಟಿದ ಹಲ್ಲಿನವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಮಾತಾಡುತ್ತಾರಲ್ಲ, ಅಂಥವರು ಬಂದರೆ ಇವರು ಮೊದಲು ತಮ್ಮ ಹಲ್ಲನ್ನೇ ಕಿಸಿದು ತೋರಿಸುವರು. ಅವರದ್ದೂ ಕಂದು. “ನಮ್ಮೂರಿನ ಮುದ್ರೆ ಇದು. ಹೆಂಗಿದೆ?” ಅನ್ನುವರು.

ಕೆಳಗೆ ಕ್ಲಿನಿಕ್, ಅದರ ಮೇಲೆ ಮನೆ, ಮನೆಯ ಮೇಲೆ ತಾರಸಿ. ತಾರಸಿಯ ಒಂದೇ ರೂಮಿನಲ್ಲಿ ರೈಲು. ನನ್ನ ಹಲ್ಲು ಕಿತ್ತ ಮೇಲೆ, “ಈಗ ಒಂದರ್ಧ ಗಂಟೆ ನೀನು ಮಾತಾಡೋ ಹಾಗಿಲ್ಲ. ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ, ಬಾ,” ಅಂತ ಕರೆದುಕೊಂಡು ಹೋಗಿ ತೋರಿಸಿದರು.

ಗೋಡೆಯ ಸುತ್ತ ಸೊಂಟದೆತ್ತರಕ್ಕೆ ಪ್ಲೈವುಡ್ ಹಲಗೆ, ಅದರ ಮೇಲೆ ಬೆರಳಗಲದ ಹಳಿ. ಹಳಿಯ ಕೆಳಗೆ ಜಲ್ಲಿಯ ಬದಲು ಮಾಲೂರಿನ ಹೆಂಚಿನ ಪುಡಿ, ಜರಡಿ ಹಿಡಿದು ಅಂಟಿಸಿದ್ದು. ಅಂಗೈ ಮೇಲೆ ಕೂರುವಂಥ ಡೀಸೆಲ್ ಎಂಜಿನ್. ನಾಲ್ಕು ಸ್ಟೇಷನ್: ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು. ಕೊನೆಯ ಬೋರ್ಡು ನೋಡಿ ನನಗೆ ತಡೆಯಲಾಗಲಿಲ್ಲ. ಹತ್ತಿಯ ಸಂದಿಯಿಂದಲೇ, “ಮುಳಬಾಗಿಲಿಗೆ ರೈಲೇ ಇಲ್ವಲ್ಲ ಸಾರ್,” ಅಂದೆ.

“ಇಲ್ಲಿ ಇದೆ. ಆಕ್ಷೇಪಣೆ ಇದ್ರೆ ಟಿಕೆಟ್ ತಗೋಬೇಡ.”

ಆಮೇಲೆ ನಾನು ಆಗಾಗ ಹೋಗುವುದಾಯಿತು. ನೆಪ ಮೇಡಂ. ನಿಜವಾದ ಕಾರಣ, ಊರಿನಲ್ಲಿ ನನ್ನ ಜೊತೆ ಬೇಸರವಿಲ್ಲದೆ ಜಗಳವಾಡುವವರು ಇವರೇ ಆಗಿದ್ದರು.

ರೈಲಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾಗದು. ಹಳೆಯ ಪದ್ಧತಿಯಲ್ಲಿ ಹಳಿಗೆ ಎಷ್ಟು ಕರೆಂಟು ಬಿಟ್ಟರೆ ಎಂಜಿನ್ ಅಷ್ಟು ಜೋರಾಗಿ ಓಡುತ್ತಿತ್ತು. ಹಳಿಯ ಮೇಲೆ ಎಷ್ಟು ಎಂಜಿನ್ ಇದ್ದರೂ ಎಲ್ಲ ಒಟ್ಟಿಗೆ ಹೊರಡುತ್ತಿದ್ದವು. “ಕುರಿ ಹಿಂಡು,” ಅನ್ನುತ್ತಿದ್ದರು ಸಾರ್. ಈಗಿನದು ಡಿಜಿಟಲ್. ಎಂಜಿನ್ನಿನ ಹೊಟ್ಟೆಯೊಳಗೆ ಉಗುರಿನಷ್ಟು ಒಂದು ಡಿಕೋಡರ್ ಇರುತ್ತದೆ. ಕೈಯಲ್ಲಿರುವ ಕಂಟ್ರೋಲರಿನ ನಾಬು ತಿರುಗಿಸಿದರೆ ಆಜ್ಞೆ ಹಳಿಯ ಮೂಲಕ ಬರುತ್ತದೆ, ಡಿಕೋಡರ್ ಅದನ್ನು ಕೇಳಿಸಿಕೊಂಡು ಮೋಟರಿಗೆ ಹೇಳುತ್ತದೆ. ಹೆಸರು ಹಿಡಿದು ಕರೆದರೆ ಕರೆದದ್ದೊಂದೇ ಬರುತ್ತದೆ. ಹೇಗೆ ಬರಬೇಕು ಅನ್ನುವುದನ್ನೂ ಡಿಕೋಡರಿನೊಳಗೆ ನಂಬರು ಹಾಕಿದ ಮನೆಗಳಲ್ಲಿ ಅಂಕಿಯಾಗಿ ಬರೆದಿಡಬಹುದು. ಎರಡನೇ ನಂಬರು ಹೊರಡುವಾಗ ಎಷ್ಟು ತಳ್ಳಬೇಕು ಅನ್ನುವುದಕ್ಕೆ. ಮೂರನೆಯದು ವೇಗ ಎಷ್ಟು ನಿಧಾನವಾಗಿ ಏರಬೇಕು ಅನ್ನುವುದಕ್ಕೆ. ನಾಲ್ಕನೆಯದು ಎಷ್ಟು ನಿಧಾನವಾಗಿ ಇಳಿಯಬೇಕು ಅನ್ನುವುದಕ್ಕೆ.

ಈ ನಂಬರುಗಳ ವ್ಯವಹಾರ ಮೇಡಂದು. ಕಂಟ್ರೋಲರ್ ಜೊತೆ ಬಂದ ದಪ್ಪ ಕೈಪಿಡಿಯನ್ನು ಪೆನ್ಸಿಲ್ ಹಿಡಿದು ಓದಿ ಅರ್ಥ ಮಾಡಿಕೊಂಡವರು ಅವರು. ಸಾರ್ ಓದುವ ಜಾತಿಯಲ್ಲ. “ಎರಡನೇದು ಇನ್ನೊಂಚೂರು ಏರಿಸೇ,” ಅನ್ನುವರು, ಮೇಡಂ ಗುಂಡಿ ಒತ್ತುವರು. ಬೇಕಾದಾಗ ಸಾರ್ ತಾವೂ ಒತ್ತಬಲ್ಲವರಾಗಿದ್ದರು. ಬೈದುಕೊಂಡು, ತಡವರಿಸಿ, ಆದರೆ ಬಲ್ಲವರು. ಇದು ಮುಖ್ಯ.

ಸಾರ್ ಕೆಲಸವೆಲ್ಲ ಕೊಳೆಯ ಮೇಲೆ. ಕೋಲಾರದ ಧೂಳು ಗೊತ್ತಲ್ಲ, ಒರೆಸಿ ತಿರುಗುವಷ್ಟರಲ್ಲಿ ಮತ್ತೆ ಕೂತಿರುತ್ತದೆ. ಹಳಿಯ ಮೇಲೆ, ಚಕ್ರದ ಅಂಚಿನಲ್ಲಿ ಕಪ್ಪು ಕಟ್ಟಿದರೆ ಆಜ್ಞೆ ಎಂಜಿನ್ನಿಗೆ ಅರ್ಧಂಬರ್ಧ ತಲುಪಿ ಅದು ಬಿಕ್ಕಳಿಸುತ್ತದೆ. ಹುಳುಕು ಕೆರೆಯುವ ಸೂಜಿಯಿಂದಲೇ ಚಕ್ರ ಕೆರೆಯುವರು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹಳಿ ಒರೆಸುವರು. ಬೆಂಗಳೂರಿನಿಂದ ಯಾರಾದರೂ ತಮ್ಮ ಎಂಜಿನ್ ತಂದು, “ಡಿಕೋಡರ್ ಸರಿಯಿಲ್ಲ ಡಾಕ್ಟ್ರೇ, ಸೆಟ್ಟಿಂಗ್ ಹೇಳಿ,” ಅಂದರೆ, “ಮೊದ್ಲು ಕೊಳೆ ತೆಗಿ, ಆಮೇಲೆ ಬುದ್ಧಿ ಹೇಳು,” ಅನ್ನುವುದು ಅವರ ಉತ್ತರ. ಹಲ್ಲಿಗೂ ಅದೇ ಮಾತು. ನನ್ನ ಭಾಷಣ ಕೇಳಿದ ಮೇಲೂ ಒಮ್ಮೆ ಅದೇ ಮಾತು ಅಂದರು. ಅದು ನನಗೆ ಸರಿಬರಲಿಲ್ಲ, ಅದು ಬೇರೆ.

ಮೂರು ಮತ್ತು ನಾಲ್ಕನೇ ನಂಬರನ್ನು ಅವರು ಸೊನ್ನೆಯಲ್ಲೇ ಇಟ್ಟಿದ್ದರು. ರೈಲು ಹುಚ್ಚಿನವರು ಯಾರೂ ಹಾಗೆ ಮಾಡುವುದಿಲ್ಲವಂತೆ. ಬೆಂಗಳೂರಿನ ಗೆಳೆಯರೊಬ್ಬರು ನನ್ನೆದುರಿಗೇ ತಲೆ ಚಚ್ಚಿಕೊಂಡರು.

“ಡಾಕ್ಟ್ರೇ, ಮೂರನ್ನ ಒಂದಿಪ್ಪತ್ತು ಮಾಡಿ ಸ್ವಾಮಿ. ನೀವು ನಾಬು ಹೆಂಗೇ ತಿರುಗಿಸಿ, ಎಂಜಿನ್ ಬೆಣ್ಣೆ ಥರ ಹೊರಡುತ್ತೆ.”

“ಆ ಬೆಣ್ಣೆ ಅದರದ್ದು, ನನ್ನದಲ್ಲ.”

“ಅಲ್ರೀ, ಓಡೋದು ಮುಖ್ಯ ಅಲ್ವಾ?”

“ಓಡಿಸೋದು ಮುಖ್ಯ,” ಅಂದರು ಸಾರ್. “ಸೊನ್ನೇಲಿಟ್ರೆ ನನ್ನ ಬೆರಳು ಏನು ಮಾಡ್ತೋ ಅದನ್ನೇ ಎಂಜಿನ್ ಮಾಡುತ್ತೆ. ಬೆರಳು ಹೆದರಿದ್ರೆ ಎಂಜಿನ್ನೂ ಹೆದರುತ್ತೆ. ನಂಗೆ ಅದು ಬೇಕು.”

ಯಾಕೆ ಬೇಕು ಅಂದರೆ, ಬೆಳಗಿನ ಪರೀಕ್ಷೆಗೆ. ಕ್ಲಿನಿಕ್ ತೆಗೆಯುವ ಮೊದಲು ಮೇಲೆ ಹೋಗುವರು. ಎಂಜಿನ್ನಿನ ಹಿಂದೆ ಒಂದು ಚಪ್ಪಟೆ ವ್ಯಾಗನ್, ಅದರ ಮೇಲೆ ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟಿನಿಂದ ಬಿಡಿಸಿದ ಒಂದೇ ಒಂದು ಹಲ್ಲು, ನೆಟ್ಟಗೆ ನಿಲ್ಲಿಸಿದ್ದು. ಮಾಲೂರಿನಿಂದ ಹೊರಟು ಕೋಲಾರದಲ್ಲಿ ನಿಂತು, ಶ್ರೀನಿವಾಸಪುರದಲ್ಲಿ ನಿಂತು, ಮುಳಬಾಗಿಲು ಸೇರಬೇಕು. ಹಲ್ಲು ಬೀಳಬಾರದು. ಬಿತ್ತೋ, ಅವತ್ತು ಡ್ರಿಲ್ ಮುಟ್ಟುವುದಿಲ್ಲ, ಹಲ್ಲು ಕೀಳುವುದಿಲ್ಲ. ಬರೀ ನೋಡುವುದು, ಮಾತ್ರೆ ಬರೆಯುವುದು. ಮೇಡಂ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುವರು. “ಪರೀಕ್ಷೆ ಅಂದ್ಮೇಲೆ ರೂಮಲ್ಲಿ ಒಬ್ರು ಇರ್ಬೇಕಲ್ಲಮ್ಮ,” ಅಂತ ನಗುವರು. ಆಮೇಲೆ ಬಾಲ್ಕನಿಯಿಂದ ಕೆಳಗೆ ಬೆಂಚಿನ ಮೇಲೆ ಕೂತವರಿಗೆ ಕೂಗಿ ಹೇಳುವರು: “ರೈಲು ಬಂತು, ಕೂತ್ಕೊಳಿ!” ಅಥವಾ “ಇವತ್ತು ರೈಲಿಲ್ಲ, ನಾಳೆ ಬನ್ನಿ!”

ಊರಿಗೆ ಇದು ರೂಢಿಯಾಗಿಬಿಟ್ಟಿತ್ತು. ವಕ್ಕಲೇರಿಯಿಂದ ಬಂದ ಹಾಲಿನ ಡೈರಿಯ ಯಜಮಾನರೊಬ್ಬರು ಹೊಸಬರು, ಕೆನ್ನೆ ಊದಿಸಿಕೊಂಡು ರೇಗಿದರು: “ಹಲ್ಲಿಗೂ ರೈಲಿಗೂ ಏನ್ರೀ ಸಂಬಂಧ?” ಪಕ್ಕದಲ್ಲಿ ಕೂತಿದ್ದ ವೇಮಗಲ್ಲಿನ ಹೆಂಗಸು, “ಸಂಬಂಧ ನಿಮ್ಗೆ ಬ್ಯಾಡ ಅಂದ್ರೆ ಬಸ್ ಸ್ಟ್ಯಾಂಡ್ ಹತ್ರ ಇನ್ನೊಬ್ರವ್ರೆ, ಅಲ್ಲೋಗಿ. ರೈಲೂ ಕೇಳಲ್ಲ, ಏನೂ ಕೇಳಲ್ಲ, ಸೀದಾ ಕಿತ್ತಾಕ್ತಾರೆ,” ಅಂದಳು. ಯಜಮಾನರು ಸುಮ್ಮನೆ ಕೂತರು.

ನಾನು ಸುಮ್ಮನೆ ಕೂರಲಿಲ್ಲ. “ಇದು ವಿಜ್ಞಾನ ಅಲ್ಲ ಸಾರ್. ನಾಬು ತಿರುಗಿಸೋ ಬೆರಳೇ ಬೇರೆ, ಡ್ರಿಲ್ ಹಿಡಿಯೋ ಮಣಿಕಟ್ಟೇ ಬೇರೆ. ಬೆಳಗ್ಗೆ ನಡುಗದ ಕೈ ಮಧ್ಯಾಹ್ನ ನಡುಗಬಹುದು. ನಿಮ್ಮ ಪರೀಕ್ಷೆ ಪಾಸಾದರೆ ಏನೂ ಸಾಬೀತಾಗಲ್ಲ.”

“ಪಾಸಾದ್ರೆ ಸಾಬೀತಾಗಲ್ಲ, ಒಪ್ಪಿದೆ. ಫೇಲಾದ್ರೆ?”

“ಫೇಲಾದ್ರೆ... ಏನೋ ಸ್ವಲ್ಪ ಗೊತ್ತಾಗುತ್ತೆ.”

“ಅಷ್ಟೇ ಸಾಕು ನಂಗೆ,” ಅಂದರು. “ಪಾಸಾಗೋಕಲ್ಲ ಕಣಮ್ಮ ನಾನು ಪರೀಕ್ಷೆ ಬರೆಯೋದು.”

ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಇದು ಸೋಲು ಅಂತ ಅವತ್ತೇ ಒಪ್ಪಿದ್ದೆ. ಈಗಲೂ ಒಪ್ಪುತ್ತೇನೆ. ಆ ಒಂದು ವಾಕ್ಯಕ್ಕೆ ನಾನು ಅವರಿಗೆ ಕೊಡುವ ಗೌರವ, ಸಭೆಯ ಮೂರು ಭಾಷಣಕ್ಕಿಂತ ಹೆಚ್ಚು. ಆದ್ದರಿಂದಲೇ ಮುಂದಿನದನ್ನು ಬಿಡಲಾಗುತ್ತಿಲ್ಲ.

ನಡುಕ ನಿಜವಾಗಿಯೂ ಬಂತು. ಬಲಗೈ ಹೆಬ್ಬೆರಳಿನಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ ತೋರಿಸಿ ಮಾತ್ರೆ ತಂದರು. ಆದರೂ ಹಲ್ಲು ಬೀಳತೊಡಗಿತು. ಮೊದಮೊದಲು ಯಾವಾಗಲೋ ಒಮ್ಮೆ, ಆಮೇಲೆ ವಾರದಲ್ಲಿ ಹೆಚ್ಚು ದಿನ. ಬಿದ್ದ ದಿನ ಅವರು ಕೆಳಗೆ ಬಂದು ಮಾತ್ರೆ ಬರೆದುಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಮಾಡಲು ಏನೂ ಇಲ್ಲದೆ ಖಾಲಿ ಕುರ್ಚಿಯನ್ನು ಮೇಲೆ ಕೆಳಗೆ ಮಾಡುತ್ತಾ ಕೂತಿರುವರು. ಪೆಡಲ್ ಒತ್ತಿದರೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ನಾನು ಹೋದಾಗ ಎಂದಿನಂತೆ ಕೆಣಕಲಿಲ್ಲ. ಮೇಡಂ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು, “ತಟ್ಟೆ ಮುಂದೆ ಕೂತ್ರೆ ಕೂತೇ ಇರ್ತಾರೆ. ಕಲಸಿದ ಅನ್ನ ಒಣಗೋಗುತ್ತೆ. ಕ್ಲಿನಿಕ್ಕಿಲ್ದೆ ಇವ್ರು ಬದುಕೋ ಜೀವ ಅಲ್ಲ ಕಣೇ.”

ಆಮೇಲೆ, ಒಂದು ಮಾವಿನ ಹೂವಿನ ಕಾಲದಲ್ಲಿ, ಹಲ್ಲು ಬೀಳುವುದು ನಿಂತಿತು. ದಿನಾ ರೈಲು ಬಂತು. ಬೆಂಚು ಮತ್ತೆ ತುಂಬಿತು. ಮಾತ್ರೆ ಹಿಡಿಯಿತು ಅಂತ ಊರು ಹೇಳಿತು. ನಾನೂ ಅದನ್ನೇ ನಂಬಿದೆ. ಒಂದರ ನಂತರ ಇನ್ನೊಂದು ಆಯಿತು ಅಂದಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅಂತಲ್ಲ, ಇದು ಚರ್ಚೆ ಕಲಿಯುವವರಿಗೆ ಮೊದಲ ದಿನದ ಪಾಠ. ಪಾಠ ಹೇಳಿದ ಮೇಡಂ ಬಾಲ್ಕನಿಯಲ್ಲಿ ನಿಂತು “ರೈಲು ಬಂತು!” ಅಂತ ಕೂಗುತ್ತಿದ್ದರು. ಯಾರಿಗೆ ಅನುಮಾನ ಬರುತ್ತದೆ?

ನನ್ನ ಮಾವನಿಗೆ ಹಲ್ಲು ಹುಳುಕಾಗಿದ್ದು ಆ ಮಾವಿನ ಸುಗ್ಗಿಯಲ್ಲೇ. ಮಂಡಿಯ ಗಲಾಟೆಯ ನಡುವೆ ಬಿಡುವು ಮಾಡಿಕೊಂಡು ಶ್ರೀನಿವಾಸಪುರದಿಂದ ಬೆಳಗಿನ ಬಸ್ಸಿಗೆ ಬಂದ. ನಾನೇ ಜೊತೆಗೆ ಹೋದೆ. ಮೇಲಿಂದ ಕೂಗು ಬಂತು. ಮಾವ ಕುರ್ಚಿ ಏರಿ, “ನಮ್ಮಪ್ಪನ ಹಲ್ಲೂ ನೀವೇ ಕಿತ್ತಿದ್ದು ಸಾರ್,” ಅಂದ.

“ಗೊತ್ತು. ಬಾಯಿ ನಿಮ್ಮಪ್ಪಂದೇ. ಅದಕ್ಕಿಂತ ಸ್ವಲ್ಪ ದೊಡ್ಡದು,” ಅಂದರು ಸಾರ್. ಇಬ್ಬರೂ ನಕ್ಕರು.

ಡ್ರಿಲ್ಲಿನ ಸದ್ದು ಕೇಳಿಸುತ್ತಿತ್ತು. ಸದ್ದು ಒಮ್ಮೆಲೇ ಬದಲಾಯಿತು. ಮಾವ ಅಬ್ಬಾ ಅನ್ನಲೂ ಇಲ್ಲ, ಕಾಲುಗಳೆರಡೂ ನೆಟ್ಟಗಾದವು. ನಾಲಿಗೆಯ ಪಕ್ಕ ಹರಿದಿತ್ತು. ಸಾರ್ ಬಟ್ಟೆ ಮಡಿಸಿ ಒತ್ತಿ ಹಿಡಿದರು. ಎಡಗೈಯಲ್ಲಿ ಹಿಡಿದರು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಹೊಲಿಗೆ ತಾವು ಹಾಕಲಿಲ್ಲ. ಪಕ್ಕದ ರಸ್ತೆಯ ಚಿಕ್ಕ ವಯಸ್ಸಿನ ಡಾಕ್ಟರಿಗೆ ಫೋನ್ ಮಾಡಿ ಬರಹೇಳಿದರು. ಆತ ಬಂದು ಹೊಲಿಯುವವರೆಗೂ ಒತ್ತಿ ಹಿಡಿದೇ ಇದ್ದರು. ಮಾವ ಬಾಯಿಬಿಡುವ ಹಾಗಾದ ಮೇಲೆ ಮೊದಲು ಹೇಳಿದ್ದು, “ಏಂ ಕಾಲೇದು ಸಾರ್, ಏನೂ ಆಗ್ಲಿಲ್ಲ.” ದೊಡ್ಡವರ ಕೈ ತಪ್ಪಿದರೆ ಪೆಟ್ಟು ತಿಂದವರೇ ಸಮಾಧಾನ ಹೇಳುವುದು ನಮ್ಮ ಕಡೆಯ ಮರ್ಯಾದೆ. ನನಗೆ ಆ ಮರ್ಯಾದೆ ಇಲ್ಲ.

ಸಾರ್ ಕೈ ತೊಳೆದು ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಹತ್ತಿದೆ, ಬಾಯಿತುಂಬ ಪ್ರಶ್ನೆ ಇಟ್ಟುಕೊಂಡು. ಅವರು ರೂಮಿನೊಳಗೆ ಹೋಗಿ ವ್ಯಾಗನ್ನಿನ ಮೇಲೆ ಹಲ್ಲು ನಿಲ್ಲಿಸಿದರು. ಅದನ್ನು ನಿಲ್ಲಿಸುವುದಕ್ಕೇ ಬಹಳ ಹೊತ್ತು ಬೇಕಾಯಿತು, ಅಷ್ಟು ನಡುಗುತ್ತಿತ್ತು ಬೆರಳು. ಆಮೇಲೆ ನಾಬಿಗೆ ಕೈ ಹಚ್ಚಿದರು. ಅದೇ ಕೈ, ನನ್ನ ಕಣ್ಣೆದುರಿಗೆ, ನಾಬನ್ನು ಹಿಂದಕ್ಕೆ ಮುಂದಕ್ಕೆ ಎಳೆದಾಡುತ್ತಿತ್ತು. ಎಂಜಿನ್ ಮಾಲೂರಿನಿಂದ ಹೊರಟಿತು. ಎಷ್ಟು ನಯವಾಗಿ ಹೊರಟಿತು ಅಂದರೆ, ಹೊರಟದ್ದು ಕಾಣಿಸಲಿಲ್ಲ. ಕೋಲಾರದಲ್ಲಿ ನಿಂತಿತು. ಮತ್ತೆ ಹೊರಟಿತು. ಹಲ್ಲು ಕಂಬದ ಹಾಗೆ ನಿಂತಿತ್ತು.

ಸಾರ್ ಎಂಜಿನ್ನನ್ನು ನೋಡಲಿಲ್ಲ, ಕೈಯನ್ನು ನೋಡಿದರು. ಆಮೇಲೆ ಎಂಜಿನ್ನನ್ನು ನೋಡಿದರು. ಮುಳಬಾಗಿಲು ಸೇರಿದ ಮೇಲೆ ಕರೆಂಟು ಆರಿಸಿದರು. ಮೇಡಂ ಬಾಗಿಲಿಗೆ ಬಂದು ನಿಂತಿದ್ದರು.

“ನಾಳೆಯಿಂದ ಕ್ಲಿನಿಕ್ ಇಲ್ಲ,” ಅಂದರು ಸಾರ್. ನಾನು ಪ್ರಶ್ನೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಮಾವನನ್ನು ಬಸ್ಸು ಹತ್ತಿಸಲು ಕೆಳಗಿಳಿದೆ.

ಆಮೇಲಿನದು ಊರಿಗೆ ಗೊತ್ತಿರುವುದೇ. ಸಾಮಾನೆಲ್ಲ ಆ ಚಿಕ್ಕ ಡಾಕ್ಟರಿಗೆ ಕೊಟ್ಟರು. ಊರಿಗೆ ಗೊತ್ತಿಲ್ಲದ್ದು ಇದೊಂದು, ಒಂದು ದಿನ ಒಬ್ಬರೇ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋಗಿ ಮಂಡಿಯಲ್ಲಿ ಮಾವನ ಎದುರು ನಿಂತು ತಪ್ಪಾಯಿತು ಅಂದರಂತೆ. “ಅಷ್ಟು ಜನದ ಮುಂದೆ! ನಂಗೆ ನಾಚ್ಕೆ ಆಗೋಯ್ತು. ಒಂದು ಬುಟ್ಟಿ ಬಾದಾಮಿ ಹಣ್ಣು ಕೊಟ್ಟು ಬಸ್ಸು ಹತ್ತಿಸ್ದೆ,” ಅಂದ ಮಾವ. ಈ ವಿಷಯ ಇನ್ನೆಲ್ಲೂ ಎತ್ತಬೇಡ ಅಂತ ನನ್ನಿಂದ ಭಾಷೆ ತೆಗೆದುಕೊಂಡಿದ್ದ. ಸಭೆಯ ಭಾಷಣ ಕೇಳಿದ ಮೇಲೆ ಆ ಭಾಷೆಯನ್ನು ವಾಪಸ್ಸು ಕೊಟ್ಟುಬಿಟ್ಟೆ, ಅವನಿಗೆ ಹೇಳಿಯೇ. “ಬರೀ ಹೋಗಮ್ಮ, ನಿನ್ನ ತಡೆಯೋರು ಯಾರು. ಆದ್ರೆ ಅವ್ರು ಮಂಡಿಗೆ ಬಂದಿದ್ದೂ ಬರಿ,” ಅಂದ. ಬರೆದಿದ್ದೇನೆ.

ಕ್ಲಿನಿಕ್ ಮುಚ್ಚಿದ ಮೇಲೆ ಸಾರ್ ತಾರಸಿ ಹತ್ತಲೇ ಇಲ್ಲ. ಮೇಡಂ ರೈಲಿನ ರೂಮಿಗೆ ಬೀಗ ಹಾಕಿದರು. ನಾನು ಹೋದಾಗ ಕೆಳಗೆ ಕೂತು ವಾದ ಮಾಡುವೆವು. ಆ ದವಡೆ ಹಲ್ಲು ಕೀಳದೆ ಉಳಿಸಬಹುದಿತ್ತು ಅಂತ ನಾನು, ಹಾಗೆ ಬಿಟ್ಟಿದ್ದರೆ ನೀನು ಇವತ್ತು ಒಂದೇ ಕಡೆ ಅಗಿಯುತ್ತಿದ್ದೆ ಅಂತ ಅವರು. ಒಮ್ಮೆ ಮಾತ್ರ ಕೇಳಿದೆ.

“ಸಾರ್, ಅವತ್ತು ಎಂಜಿನ್ ಚೆನ್ನಾಗೇ ಹೋಯ್ತಲ್ಲ?”

“ಅದೇ ತಾನೆ,” ಅಂದರು. ಆಮೇಲೆ ಮಜ್ಜಿಗೆ ಬೇಕು ಅಂದರು.

ಮೊನ್ನೆ, ಸಭೆಯಾಗಿ ಕೆಲವು ದಿನಗಳ ಮೇಲೆ, ಮೇಡಂ ಫೋನ್ ಮಾಡಿದರು. ರೈಲನ್ನು ಮಾಲೂರಿನ ಒಂದು ಸರ್ಕಾರಿ ಶಾಲೆಗೆ ಕೊಡುವುದಂತೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಒಳ್ಳೆಯದಾಗುತ್ತದೆ. ಬಿಚ್ಚಿ ಕಟ್ಟಲು ಒಂದು ಕೈ ಬೇಕು. ಹೋದೆ. ಬೀಗ ತುಕ್ಕು ಹಿಡಿದಿತ್ತು. ಹಲಗೆಯ ಮೇಲೆ ಧೂಳು, ಎಂಜಿನ್ ಅವತ್ತು ನಿಂತಲ್ಲೇ, ಮುಳಬಾಗಿಲಿನಲ್ಲಿ. ವ್ಯಾಗನ್ನಿನ ಮೇಲೆ ಹಲ್ಲು ಇನ್ನೂ ನಿಂತಿತ್ತು. ಮೇಡಂ ಅದನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡರು.

“ಡಿಕೋಡರಲ್ಲಿ ಇರೋದನ್ನೆಲ್ಲ ಅಳಿಸಿ ಹೊಸದರ ಥರ ಮಾಡ್ಬಿಡಮ್ಮ,” ಅಂದರು. “ಎಂಟನೇ ನಂಬರಿಗೆ ಎಂಟು ಹಾಕಿದ್ರೆ ಆಯ್ತು, ಎಲ್ಲ ಹೋಗುತ್ತೆ. ನಂಗೀಗ ಕಣ್ಣು ಕಾಣಲ್ಲ.”

ಕಣ್ಣು ಕಾಣುವುದಿಲ್ಲ ಅನ್ನುವುದನ್ನು ನಾನು ಪ್ರಶ್ನಿಸುವುದಿಲ್ಲ. ಪೊರೆ ಬಂದಿದೆ, ಆಪರೇಷನ್ನಿಗೆ ಕಾಯುತ್ತಿದ್ದಾರೆ.

ಚಕ್ರ ಕೆರೆದು, ಹಳಿ ಒರೆಸಿ, ಎಂಜಿನ್ನನ್ನು ನಂಬರು ಬರೆಯುವ ತುಂಡು ಹಳಿಯ ಮೇಲೆ ಇಟ್ಟೆ. ಅಳಿಸುವ ಮೊದಲು ಏನಿದೆ ಅಂತ ನೋಡುವುದು ನನ್ನ ಸ್ವಭಾವ. ಓದು ಅಂತ ಕಂಟ್ರೋಲರಿಗೆ ಹೇಳಿದರೆ ಎಂಜಿನ್ ಇದ್ದಲ್ಲೇ ಸಣ್ಣಗೆ ಮಿಡುಕುತ್ತದೆ. ಆ ಮಿಡುಕೇ ಅದರ ಉತ್ತರ, ಕಂಟ್ರೋಲರ್ ಅದನ್ನು ಲೆಕ್ಕ ಹಿಡಿದು ಅಂಕಿಯಾಗಿ ತೋರಿಸುತ್ತದೆ. ಎರಡನೆಯದು ಸರಿಯಾಗಿತ್ತು. ಮೂರನೆಯದು ಹದಿನೆಂಟು. ನಾಲ್ಕನೆಯದೂ ಹದಿನೆಂಟು. ನಂಬಲಾಗದೆ ಮತ್ತೆ ಓದಿಸಿದೆ. ಎಂಜಿನ್ ಮತ್ತೆ ಮಿಡುಕಿ ಮತ್ತೆ ಅದನ್ನೇ ಹೇಳಿತು.

ವಾದವನ್ನು ಇಷ್ಟಕ್ಕೇ ಇಡುತ್ತೇನೆ. ಇದು ಕ್ಲಿನಿಕ್ ಮುಚ್ಚಿದ ಮೇಲೆ ಹಾಕಿದ್ದಲ್ಲ. ಆ ಕೈಯಲ್ಲಿ ಆ ಎಂಜಿನ್ ಬೆಣ್ಣೆಯ ಹಾಗೆ ಹೋದದ್ದನ್ನು ನಾನು ನೋಡಿದ್ದೇನೆ, ಸೊನ್ನೆಯಲ್ಲಿದ್ದಿದ್ದರೆ ಹೋಗುತ್ತಿರಲಿಲ್ಲ. ತಾನಾಗಿ ಬದಲಾಗುವ ಅಂಕಿಯೂ ಅಲ್ಲ. ಎರಡಕ್ಕೂ ಒಂದೇ ಅಂಕಿ ಬರುವಂತೆ ಯಾವ ಮಿಂಚೂ ಹೊಡೆಯುವುದಿಲ್ಲ. ನಡುಕ ಬಂದ ಮೇಲೆ ಹೊರಗಿನ ರೈಲು ಹುಚ್ಚಿನವರು ಯಾರೂ ಮೇಲೆ ಹತ್ತಿರಲಿಲ್ಲ, ಆ ರೂಮಿನಲ್ಲಿ ಈ ಗುಂಡಿ ಒತ್ತಬಲ್ಲವರು ಇಬ್ಬರೇ. ಸಾರ್ ಒತ್ತಿದ್ದರೆ, ಪಾಸಾಗೋಕಲ್ಲ ಅಂದ ಮನುಷ್ಯ ಪಾಸಾಗಲು ಪ್ರಶ್ನೆಪತ್ರಿಕೆ ತಿದ್ದಿದರು. ಮೇಡಂ ಒತ್ತಿದ್ದರೆ, ತಟ್ಟೆಯ ಮುಂದೆ ಅನ್ನ ಒಣಗಿಸುತ್ತಾ ಕೂತವರನ್ನು ಎಬ್ಬಿಸಲು ಒತ್ತಿದರು, ಬೆಂಚಿನ ಮೇಲೆ ಕೂತವರ ಬಾಯಿಯ ಲೆಕ್ಕ ಬಿಟ್ಟು. ಎರಡಕ್ಕೂ ನನ್ನ ಹತ್ತಿರ ಕನಿಕರ ಇದೆ. ಆದರೆ ಒಂದೇ ಕನಿಕರ ಅಲ್ಲ. ಯಾವುದನ್ನು ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ ನಾನು ಅವರಿಬ್ಬರ ಬಗ್ಗೆ ಒಳ್ಳೆಯದನ್ನು ಹೇಳಲಾರೆ, ಕೆಟ್ಟದ್ದನ್ನೂ ಹೇಳಲಾರೆ.

ಮೇಡಂ ಕಿಟಕಿಯ ಹತ್ತಿರ ನಿಂತು ವೈರು ಸುತ್ತುತ್ತಿದ್ದರು.

“ಆಯ್ತೇನಮ್ಮ?” ಅಂದರು.

“ಇನ್ನೂ ಇಲ್ಲ ಮೇಡಂ. ಎಂಟು ಒತ್ತೋಕೆ ಮುಂಚೆ ಒಂದು ಕೇಳ್ತೀನಿ. ಇದರೊಳಗೆ ಮೂರಕ್ಕೂ ನಾಲ್ಕಕ್ಕೂ ಹದಿನೆಂಟಿದೆ.”

ವೈರು ಸುತ್ತುತ್ತಿದ್ದ ಕೈ ನಿಂತಿತು. ಅವರು ತಿರುಗಲಿಲ್ಲ.

“ನಮ್ಮ ಮಾವ ಆ ಕುರ್ಚಿ ಹತ್ತಿದ ಬೆಳಗ್ಗೆ ಈ ಹದಿನೆಂಟು ಒಳಗಿದೆ ಅಂತ ಗೊತ್ತಿದ್ದವರು ಈ ಮನೆಯಲ್ಲಿ ಒಬ್ಬರಾ ಮೇಡಂ, ಇಬ್ಬರಾ?”